ವಾಣಿಜ್ಯ ಬಡಾವಣೆಯ ರಸ್ತೆ: ಡೆವಲಪರ್‌ಗಳು ಮಾಡಬೇಕಾದ್ದು, ಮಾಡಬಾರದ್ದು

ಕರ್ನಾಟಕದಲ್ಲಿ ಖಾಸಗಿ ಬಡಾವಣೆಯ ರಸ್ತೆಗಳು ಕೊನೆಗೆ ಸ್ಥಳೀಯ ಸಂಸ್ಥೆಯ ಪಾಲಿಗೇ ಬರುತ್ತವೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮಿನಡಿ ಅನುಮೋದನೆ ಪಡೆದವರು ರಸ್ತೆಯ ಜಾಗವನ್ನು ಬೆಲೆ ಕೇಳದೆ ಬಿಟ್ಟುಕೊಡಬೇಕು. ನೀವು ಇಂದು ಉಳಿಸಿದ ಜಲ್ಲಿಯ ಬೆಲೆಯನ್ನು ನಾಳೆ ಊರಿನ ತೆರಿಗೆದಾರರು ತೆರುತ್ತಾರೆ. ಆದ್ದರಿಂದ ಕೆಳಗಿನ ಒಂದೊಂದು ಮಾತನ್ನೂ ಕಡ್ಡಾಯವೆಂದೇ ಓದಿಕೊಳ್ಳಿ.

ಮಾಡಬೇಕಾದ್ದು

ಮೊದಲು ಲಾರಿಗಳ ಲೆಕ್ಕ ಹಾಕಿ. ಗೋದಾಮು, ಸಗಟು ಅಂಗಡಿ, ಶೋರೂಂ ಬರುವ ಜಾಗಕ್ಕೆ ಮನೆ ನಿವೇಶನಗಳ ರಸ್ತೆಯ ದಪ್ಪ ಸಾಲದು. ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ. ಸಾಲದ್ದಕ್ಕೆ 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಚಕ್ರದ ಒಂಟಿ ಆಕ್ಸಲ್‌ನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿದೆ. ಡಾಂಬರು ರಸ್ತೆಯಾದರೆ ಭಾರತೀಯ ರಸ್ತೆ ಕಾಂಗ್ರೆಸ್‌ನ (ಐಆರ್‌ಸಿ) ಮಾರ್ಗಸೂಚಿ ಐಆರ್‌ಸಿ 37, ಕಾಂಕ್ರೀಟ್ ರಸ್ತೆಯಾದರೆ ಐಆರ್‌ಸಿ 58ರ ಪ್ರಕಾರ ವಿನ್ಯಾಸ ಮಾಡಿಸಿ.

ಮಣ್ಣನ್ನು ಪರೀಕ್ಷಿಸಿ. ನಾಲ್ಕು ದಿನ ನೀರಿನಲ್ಲಿ ನೆನೆಸಿದ ಮಾದರಿಯ ಸಿಬಿಆರ್ (ಮಣ್ಣಿನ ಭಾರ ಹೊರುವ ಶಕ್ತಿಯ) ಪರೀಕ್ಷೆಯ ವರದಿ ಕಡತದಲ್ಲಿರಲಿ. ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಎಷ್ಟು ಡಾಂಬರು ಸುರಿದರೂ ರಸ್ತೆ ಸೀಳುತ್ತದೆ. ರಸ್ತೆಯ ತಳದ ಮೇಲಿನ 500 ಮಿ.ಮೀ.ಯಷ್ಟು ಎರೆಮಣ್ಣನ್ನು ತೆಗೆಸಿ, ಉಬ್ಬದ ಗರಸು ತುಂಬಿಸಿ. ಒಂದೊಂದು ಪದರಕ್ಕೂ ಹದವಾಗಿ ನೀರು ಚಿಮುಕಿಸಿ ರೋಲರ್ ಹೊಡೆಸಿ. ತಳಮಣ್ಣು ಪ್ರಯೋಗಾಲಯದ ಗರಿಷ್ಠ ಒಣ ಸಾಂದ್ರತೆಯ ಶೇಕಡಾ 97, ವೆಟ್‌ಮಿಕ್ಸ್ (ನೀರು ಬೆರೆಸಿದ ಜಲ್ಲಿಯ ಪದರ) ಶೇಕಡಾ 98 ಮುಟ್ಟಬೇಕು. ಮುಟ್ಟದಿದ್ದರೆ ಮೇಲಿನ ಪದರ ಹಾಕುವಂತಿಲ್ಲ. ಮುಚ್ಚಿಹೋದ ಮೇಲೆ ಯಾರ ಕಣ್ಣಿಗೂ ಬೀಳದ ಕೆಲಸ ಇದು, ಹಾಗಾಗಿಯೇ ಹೆಚ್ಚು ಕದಿಯುವುದೂ ಇಲ್ಲೇ.

ನೀರಿಗೆ ದಾರಿ ಮಾಡಿ. ಡಾಂಬರು ರಸ್ತೆಗೆ ನಡುವಿನಿಂದ ಅಂಚಿಗೆ ಶೇಕಡಾ 2.5 ಇಳಿಜಾರು ಕೊಡಿ. ಚರಂಡಿಯ ನೀರು ಯಾವ ಕಾಲುವೆಗೆ, ಯಾವ ಕೆರೆಗೆ ಸೇರುತ್ತದೆಂದು ನಕ್ಷೆಯಲ್ಲೇ ತೋರಿಸಿ.

ಯುಜಿಡಿ (ಒಳಚರಂಡಿ), ಕುಡಿಯುವ ನೀರು, ವಿದ್ಯುತ್ ಕೇಬಲ್ ಕೆಲಸ ರಸ್ತೆಗಿಂತ ಮೊದಲು ಮುಗಿಯಲಿ. ಅಡ್ಡರಸ್ತೆ ಕೂಡುವ ಕಡೆಯಲ್ಲೆಲ್ಲ ಖಾಲಿ ಪೈಪುಗಳನ್ನು ಹೂತಿಡಿ. ಆಗ ಮುಂದೆ ಫೈಬರ್ ಕೇಬಲ್ ಎಳೆಯಲು ಯಾರೂ ರಸ್ತೆ ಅಗೆಯಬೇಕಾಗುವುದಿಲ್ಲ.

ಐಆರ್‌ಸಿ 103ರಂತೆ ವಾಣಿಜ್ಯ ಪ್ರದೇಶದ ಫುಟ್‌ಪಾತ್‌ನಲ್ಲಿ ನಡೆಯಲು ಕನಿಷ್ಠ 2.5 ಮೀಟರ್ ಬಿಡಬೇಕು, ಅಂಚುಕಲ್ಲಿನ ಎತ್ತರ 150 ಮಿ.ಮೀ. ಮೀರಬಾರದು. ಗಾಲಿಕುರ್ಚಿಯವರಿಗೆ, ಸಾಮಾನು ತಳ್ಳುವ ಹಮಾಲರಿಗೆ ಇಳಿಜಾರು ಹಾದಿ ಇರಲೇಬೇಕು.

ಮಾಡಬಾರದ್ದು

ಮಳೆಯಲ್ಲಿ, ನೀರು ನಿಂತ ನೆಲದ ಮೇಲೆ ಡಾಂಬರು ಹಾಕಬೇಡಿ. ಆರಿದ ಮಿಶ್ರಣ ಹೊತ್ತು ಬಂದ ಟಿಪ್ಪರನ್ನು ವಾಪಸು ಕಳುಹಿಸಿ. ವಿಜಿ 30 ಡಾಂಬರಿನ ಮಿಶ್ರಣ ಹಾಸುವಾಗ 140 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು. ಥರ್ಮಾಮೀಟರ್ ಇಟ್ಟೇ ನೋಡಿ.

ವೆಟ್‌ಮಿಕ್ಸ್ ಮೇಲೆ ಪ್ರೈಮ್ ಕೋಟ್, ಡಾಂಬರಿನ ಪದರಗಳ ನಡುವೆ ಟ್ಯಾಕ್ ಕೋಟ್ ಬಿಡಬೇಡಿ. ಎರಡನ್ನೂ ಹೊಡೆಯುವ ಮೊದಲು ಧೂಳು ಗುಡಿಸಿ.

ಕಾಂಕ್ರೀಟ್ ರಸ್ತೆಗೆ ಹದಿನಾಲ್ಕು ದಿನ ನೀರುಣಿಸದೆ ಬಿಡಬೇಡಿ. ಜಾಯಿಂಟ್ ಕೊಯ್ಯುವುದನ್ನು ತಡ ಮಾಡಬೇಡಿ. ನೀವು ಕೊಯ್ಯದಿದ್ದರೆ ಕಾಂಕ್ರೀಟ್ ತನಗೆ ಬೇಕಾದ ಕಡೆ ಬಿರುಕು ಬಿಡುತ್ತದೆ.

ರಾಜಕಾಲುವೆಯ ಮೇಲೆ ಮಣ್ಣು ತುಂಬಿ ರಸ್ತೆ ಎಳೆಯಬೇಡಿ. ಇದಕ್ಕೆ ಯಾವ ವಿನಾಯಿತಿಯೂ ಇಲ್ಲ.

ನಿವೇಶನ ಮಾರಿದ ಕೂಡಲೇ ಹೊಣೆ ತೀರಿತೆಂದು ಭಾವಿಸಬೇಡಿ. 2016ರ ರೇರಾ ಕಾಯ್ದೆಯ 14ನೇ ಕಲಮಿನ ಪ್ರಕಾರ, ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಾಮಗಾರಿಯಲ್ಲಿ ದೋಷವಿದೆಯೆಂದು ಖರೀದಿದಾರರು ತಿಳಿಸಿದರೆ 30 ದಿನದಲ್ಲಿ ನಿಮ್ಮ ಖರ್ಚಿನಲ್ಲೇ ಸರಿಪಡಿಸಬೇಕು. ಅಂಗಡಿ ಹಾಕಲು ಸಾಲ ಮಾಡಿ ನಿವೇಶನ ಕೊಂಡವರಿಗೆ, ಗುಂಡಿ ಬಿದ್ದ ರಸ್ತೆಯೆಂದರೆ ಗಿರಾಕಿಯೇ ಬಾರದ ದಿನಗಳು.

ಹಸ್ತಾಂತರದ ತಪಾಸಣೆಯ ಹಿಂದಿನ ದಿನ ಮೇಲೊಂದು ತೆಳುಪದರ ಬಳಿದು ಹಾಳಾದ್ದನ್ನು ಮುಚ್ಚಬೇಡಿ. ಕೋರ್ ಕೊರೆದರೆ ಒಂದೊಂದು ಪದರದ ದಪ್ಪವೂ ಎದುರಿಗೇ ಕಾಣುತ್ತದೆ. ಎಂಜಿನಿಯರ್ ಬರುವ ಮೊದಲು ನೀವೇ ಕೋರ್ ತೆಗೆಸಿ, ದಪ್ಪ ಕಡಿಮೆ ಬಂದ ಕಡೆ ಕಿತ್ತು ಮತ್ತೆ ಹಾಕಿಸಿ.