ಮೀನು ತೇಲಿದರೆ ಔಷಧಿಗೆ ಮೊದಲು ಮೀನು ನೋಡಿ

ತರೀಕೆರೆ, ಕಡೂರು, ಅಜ್ಜಂಪುರ ಕಡೆ ತೋಟದ ಹೊಂಡಕ್ಕೆ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಬಿಡುವ ರೈತರಿದ್ದಾರೆ. ನಾಲ್ಕು ಮೀನು ತೇಲಿದ ಕೂಡಲೇ 'ಯಾವ ಔಷಧಿ ಹಾಕೋಣ?' ಅನ್ನುವ ಪ್ರಶ್ನೆ ಬರುತ್ತದೆ. ಆದರೆ ಮೊದಲು ತಿಳಿಯಬೇಕಾದ್ದು ಬೇರೆ. ಯಾವ ಹೊತ್ತಿಗೆ ಸತ್ತವು? ಎಷ್ಟು? ಮೈಮೇಲೆ ಏನಿದೆ?

ರೋಗವೋ, ಉಸಿರಿನ ತೊಂದರೆಯೋ?

ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತವೆ, ಬಿಸಿಲೇರಿದ ಮೇಲೆ ಕೆಳಗಿಳಿಯುತ್ತವೆ ಎಂದಾದರೆ ಅದು ರೋಗವಲ್ಲ. ನೀರಿನಲ್ಲಿ ಆಮ್ಲಜನಕ ಸಾಲದು. ಇದರಲ್ಲಿ ಹೆಚ್ಚಾಗಿ ದೊಡ್ಡ ಮೀನೇ ಮೊದಲು ಸಾಯುತ್ತವೆ. ಸೆಗಣಿ, ಆಹಾರ ನಿಲ್ಲಿಸಿ. ಪಂಪಿನಿಂದ ಅದೇ ನೀರನ್ನೆತ್ತಿ ಮೇಲಿನಿಂದ ಚಿಮ್ಮಿಸಿ. ಹಗಲಿಡೀ ಬಾಯಿ ಬಿಡುತ್ತಿದ್ದರೆ ಒಂದನ್ನು ಹಿಡಿದು ಕಿವಿರು ಎತ್ತಿ ನೋಡಿ. ಕೆಂಪಗಿದ್ದರೆ ಸರಿ. ಬಿಳಚಿಕೊಂಡು ಲೋಳೆ ಕಟ್ಟಿದ್ದರೆ ಕಿವಿರಿನ ಹುಳು ಅಥವಾ ಕೊಳೆ ಇರಬಹುದು.

ಹೇನು ಮತ್ತು ಲಂಗರು ಹುಳು

ಮೀನು ಮೈಯನ್ನು ಕಲ್ಲಿಗೆ, ದಂಡೆಗೆ ಉಜ್ಜುತ್ತದೆಯೆ? ಚಂಗನೆ ಹಾರುತ್ತದೆಯೆ? ರೆಕ್ಕೆಯ ಬುಡ ನೋಡಿ. ಚಪ್ಪಟೆಯಾಗಿ, ದುಂಡಗೆ, ಓಡಾಡುವುದು ಮೀನಿನ ಹೇನು (ಆರ್ಗುಲಸ್). ರೋಹುವಿಗೆ ಇದರ ಕಾಟ ಜಾಸ್ತಿ. ದಾರದ ತುಂಡಿನಂತೆ ಜೋತಾಡುವುದು ಲಂಗರು ಹುಳು (ಲರ್ನಿಯಾ). ಇದರ ತಲೆ ಮಾಂಸದೊಳಗೆ ನೆಟ್ಟಿರುತ್ತದೆ. ಜಗ್ಗಿ ಕಿತ್ತರೆ ತಲೆ ಒಳಗೇ ಉಳಿದು ಗಾಯವಾಗುತ್ತದೆ.

ಹೇನು ಮೀನಿನ ಮೈಮೇಲೆ ಮೊಟ್ಟೆ ಇಡುವುದಿಲ್ಲ. ಕಲ್ಲು, ಕೋಲಿನಂಥ ಗಟ್ಟಿ ವಸ್ತುವಿನ ಮೇಲೆ ಇಡುತ್ತದೆ. ಆದ್ದರಿಂದ ಹೊಂಡದಲ್ಲಿ ಐದಾರು ಬಿದಿರಿನ ಗಳ ನೆಡಿ. ವಾರಕ್ಕೊಮ್ಮೆ ಕಿತ್ತು ಬಿಸಿಲಿಗೆ ಚೆನ್ನಾಗಿ ಒಣಗಿಸಿ ಮತ್ತೆ ನೆಡಿ. ಮೊಟ್ಟೆ ಒಡೆಯಲು ಎರಡು ಮೂರು ವಾರ ಬೇಕಾದ್ದರಿಂದ ಹೀಗೆ ಮಾಡಿದರೆ ಸಂತತಿ ಇಳಿಯುತ್ತದೆ. ಖರ್ಚಿಲ್ಲ.

ಹುಣ್ಣು ರೋಗ

ಮಳೆ ಮುಗಿದು ಚಳಿ ಹಿಡಿಯುವಾಗ ಮೈಮೇಲೆ ಕೆಂಪು ಮಚ್ಚೆ ಎದ್ದು, ಆಮೇಲೆ ಮಾಂಸ ಕಾಣುವಷ್ಟು ಆಳದ ಹುಣ್ಣಾಗುತ್ತದೆ. ಅಫನೋಮೈಸಿಸ್ ಎಂಬ ಬೂಸ್ಟಿನಂಥ ಜೀವಿ ಇದಕ್ಕೆ ಕಾರಣ. 1988ರಲ್ಲಿ ಈಶಾನ್ಯ ಭಾರತದಲ್ಲಿ ಕಾಣಿಸಿಕೊಂಡು ದೇಶದ ಬಹುಭಾಗಕ್ಕೆ ಹಬ್ಬಿತು. ಕೊರವ ಮೀನು ಇದಕ್ಕೆ ಬೇಗ ತುತ್ತಾಗುತ್ತದೆ. ಕಾಟ್ಲಾ, ರೋಹು, ಮೃಗಾಲ್‌ಗೂ ಬರುತ್ತದೆ. ಸಾಮಾನ್ಯ ಗೆಂಡೆ ಮಾತ್ರ ತಡೆದುಕೊಳ್ಳುತ್ತದೆ.

ದೀಪಾವಳಿ ಹೊತ್ತಿಗೇ ಎಕರೆಗೆ 80ರಿಂದ 100 ಕಿಲೊ ಕೃಷಿ ಸುಣ್ಣವನ್ನು ಕಂತಿನಲ್ಲಿ ಎರಚುವುದು ಒಳ್ಳೆಯ ಮುಂಜಾಗ್ರತೆ. ರೋಗ ಬಂದರೆ ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನು ಸಂಸ್ಥೆಯವರು ರೂಪಿಸಿದ 'ಸಿಫಾಕ್ಸ್' ಇದೆ. ಒಂದು ಎಕರೆ, ಒಂದು ಮೀಟರ್ ಆಳಕ್ಕೆ 400 ಮಿ.ಲೀ. ಅಂದರೆ ಗುಂಟೆಗೆ 10 ಮಿ.ಲೀ. ಆಳ ಎರಡು ಮೀಟರ್ ಇದ್ದರೆ ಎರಡು ಪಟ್ಟು. ನೀರಿನಲ್ಲಿ ಕದಡಿ ಹೊಂಡದ ತುಂಬ ಎರಚಬೇಕು.

ಇದನ್ನು ಮಾಡಬೇಡಿ

ಹೇನು ಸಾಯಲಿ ಎಂದು ಬೆಳೆಗೆ ಹೊಡೆಯುವ ಕೀಟನಾಶಕವನ್ನು ಅಂದಾಜಿನಲ್ಲಿ ಸುರಿಯಬೇಡಿ. ಸೈಪರ್ಮೆಥ್ರಿನ್‌ನಂಥವು ತೀರಾ ಕಡಿಮೆ ಪ್ರಮಾಣದಲ್ಲೂ ಮೀನನ್ನೇ ಕೊಲ್ಲುತ್ತವೆ. ಸ್ಪ್ರೇಯರ್ ಕ್ಯಾನು ಹೊಂಡದಲ್ಲಿ ತೊಳೆಯಬೇಡಿ. ಅಡಿಕೆಗೆ ಬೋರ್ಡೋ ಹೊಡೆದಾಗ ತೋಟದ ನೀರು ಹೊಂಡಕ್ಕೆ ಇಳಿಯದಂತೆ ಕಾಲುವೆ ತಿರುಗಿಸಿ. ಮೈಲುತುತ್ತವೂ ಮೀನಿಗೆ ವಿಷವೇ. ತಿನ್ನುವ ಮೀನಿಗೆ ಮ್ಯಾಲಕೈಟ್ ಗ್ರೀನ್ ನಿಷಿದ್ಧ.

ಬರುವ ಮೊದಲೇ ತಡೆ

ಮರಿ ಎಲ್ಲಿಂದಲೇ ತನ್ನಿ, ಬಿ.ಆರ್. ಪ್ರಾಜೆಕ್ಟಿನಿಂದಲೇ ಇರಲಿ, ಬಿಡುವ ಮೊದಲು ಉಪ್ಪುನೀರಿನಲ್ಲಿ ಅದ್ದಿ. ಹತ್ತು ಲೀಟರ್ ನೀರಿಗೆ 300 ಗ್ರಾಂ ಉಪ್ಪು, ಎರಡು ಮೂರು ನಿಮಿಷ ಸಾಕು. ಮರಿ ಮಗುಚಿದರೆ ತಕ್ಷಣ ತೆಗೆಯಿರಿ. ಬೇರೆಯವರ ಬಲೆ ತಂದರೆ ಬಿಸಿಲಿಗೆ ಒಣಗಿಸದೆ ಇಳಿಸಬೇಡಿ. ಸತ್ತ ಮೀನನ್ನು ದಂಡೆಗೆ ಎಸೆಯದೆ ಸುಣ್ಣ ಹಾಕಿ ಹೂಳಿ. ಬೇಸಿಗೆಯಲ್ಲಿ ಹೊಂಡ ಬತ್ತಿದರೆ ತಳ ಬಿರುಕು ಬಿಡುವವರೆಗೆ ಒಣಗಲಿ.

ಇಷ್ಟಾದರೂ ಸಾವು ನಿಲ್ಲದಿದ್ದರೆ ಆಗಷ್ಟೇ ಸಾಯುತ್ತಿರುವ ಒಂದೆರಡು ಮೀನು ಮತ್ತು ಒಂದು ಬಾಟಲಿ ಹೊಂಡದ ನೀರು ತೆಗೆದುಕೊಂಡು ತಾಲೂಕಿನ ಮೀನುಗಾರಿಕೆ ಇಲಾಖೆಗೆ ಹೋಗಿ. ಕೊಳೆತ ಮೀನು ಒಯ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ.