ಕ್ಯಾಮೆರಾ ನೆಗ್ಗಿದರೆ ನೆಗ್ಗಲಿ, ಬೀರುವಿನಲ್ಲಿ ಬೂಷ್ಟು ಹಿಡಿಯದಿರಲಿ

ಲಕ್ಷ ರೂಪಾಯಿ ಕೊಟ್ಟು ಕೊಂಡ ಕ್ಯಾಮೆರಾ ಎಷ್ಟೋ ಮನೆಗಳಲ್ಲಿ ನಾಮಕರಣಕ್ಕೆ, ಮದುವೆಗೆ ಮಾತ್ರ ಹೊರಗೆ ಬರುತ್ತದೆ. ಕಂಬಳದ ಕೆಸರು, ತೇರಿನ ನೂಕುನುಗ್ಗಲು, ಚಾರಣದ ಬಂಡೆ ಎಂದರೆ ಅದನ್ನು ಬೀರುವಿನಲ್ಲೇ ಬಿಟ್ಟು ಫೋನ್ ಹಿಡಿದು ಹೊರಡುತ್ತಾರೆ. ಬಿದ್ದು ನೆಗ್ಗಿದರೆ ಗತಿಯೇನು ಎಂಬ ಅಂಜಿಕೆ ಸಹಜವೇ. ಆದರೆ ಹಿತ್ತಾಳೆಯ ಕೊಡ ಹೊಟ್ಟೆಯ ಕಡೆ ನೆಗ್ಗಿತೆಂದು ಯಾರೂ ಅದರಲ್ಲಿ ನೀರು ತರುವುದನ್ನು ಬಿಡುವುದಿಲ್ಲ. ಬೆಸುಗೆ ಬಿಟ್ಟರೆ ಮಾತ್ರ ದುರಸ್ತಿಗೆ ಕೊಡುತ್ತಾರೆ. ಕ್ಯಾಮೆರಾದಲ್ಲಿ ಹೊಟ್ಟೆ ಯಾವುದು, ಬೆಸುಗೆ ಯಾವುದು ಎಂದು ತಿಳಿದುಕೊಂಡವರು ಅದನ್ನು ಧೈರ್ಯವಾಗಿ ಬಳಸಬಹುದು.

ದುಬಾರಿ ಕ್ಯಾಮೆರಾಗಳ ಹೊರಮೈ ಸಾಮಾನ್ಯವಾಗಿ ಮೆಗ್ನೀಸಿಯಂ ಮಿಶ್ರಲೋಹ ಇಲ್ಲವೇ ಗಟ್ಟಿ ಪ್ಲಾಸ್ಟಿಕ್. ಪೆಟ್ಟು ತಿನ್ನುವುದೇ ಅದರ ಕೆಲಸ. ಬ್ರಿಟನ್ನಿನ ಯುದ್ಧ ಛಾಯಾಗ್ರಾಹಕ ಡಾನ್ ಮೆಕಲಿನ್ ಅವರ ನಿಕಾನ್ ಎಫ್ ಕ್ಯಾಮೆರಾ ಕಾಂಬೋಡಿಯಾದಲ್ಲಿ ಬಂದೂಕಿನ ಗುಂಡನ್ನೇ ತಡೆದಿತ್ತು. ಹೊರಮೈಯ ಮೂಲೆಯಲ್ಲಿ ಬಣ್ಣ ಕಿತ್ತರೆ, ತಳದಲ್ಲಿ ಸಣ್ಣ ತಗ್ಗು ಬಿದ್ದರೆ ಚಿತ್ರಕ್ಕೆ ಏನೂ ಆಗುವುದಿಲ್ಲ. ಚಿಂತೆ ಮಾಡಬೇಕಾದ ಜಾಗಗಳು ಮೂರೇ: ಲೆನ್ಸ್ ಕೂರುವ ಮೌಂಟ್, ಲೆನ್ಸಿನೊಳಗೆ ಒಂದರ ಹಿಂದೊಂದು ನೇರವಾಗಿ ನಿಂತ ಗಾಜುಗಳು, ಹಿಂದಿರುವ ಸೆನ್ಸರ್. 1959ರಲ್ಲಿ ಬಂದ ನಿಕಾನ್ ಎಫ್ ಮೌಂಟ್‌ನಲ್ಲಿ ಮೌಂಟ್‌ಗೂ ಚಿತ್ರ ಮೂಡುವ ಜಾಗಕ್ಕೂ ನಡುವಿನ ಅಂತರ 46.5 ಮಿಲಿಮೀಟರ್. ಈ ಅಂತರ ಒಂದು ಬದಿಗೆ ಕೂದಲೆಳೆಯಷ್ಟು ವಾಲಿದರೂ ಚಿತ್ರದ ಆ ಬದಿ ಮಸುಕಾಗುತ್ತದೆ. ಹಾಗಾಗಿ ತಳದ ಮೇಲೆ ಬಿದ್ದು ನೆಗ್ಗಿದ ಕ್ಯಾಮೆರಾ ಚೆನ್ನಾಗಿಯೇ ಇರಬಹುದು. ಲೆನ್ಸ್ ಮೂತಿಯ ಮೇಲೆ ಬಿದ್ದು ಹೊರಗೆ ಒಂದು ಗೀರೂ ಕಾಣದ ಕ್ಯಾಮೆರಾ ಕೆಟ್ಟಿರಬಹುದು. ಕಣ್ಣಿಗೆ ಕಾಣುವ ಗಾಯವನ್ನೇ ನಂಬಿ ತೀರ್ಮಾನಕ್ಕೆ ಬರಬಾರದು ಎನ್ನುವುದು ಇದಕ್ಕೇ.

ಕಾಳಜಿಯನ್ನು ಈ ಮೂರು ಜಾಗಗಳಿಗೆ ಮೀಸಲಿಟ್ಟರೆ ತಯಾರಿ ಸರಳ. ಮೊದಲು ಲೆನ್ಸ್ ಹುಡ್ ಹಾಕಿ, ಸದಾ ಹಾಕಿರಲಿ. ಪ್ಲಾಸ್ಟಿಕ್ ಹುಡ್ ಬಾಗಿ, ಬೇಕಾದರೆ ಮುರಿದು ಪೆಟ್ಟನ್ನು ತಾನು ನುಂಗುತ್ತದೆ. ರಕ್ಷಣೆಗೆಂದು ಹಾಕುವ ಗಾಜಿನ ಫಿಲ್ಟರ್ ಸಮುದ್ರದ ಉಪ್ಪುಹನಿಗೆ, ಕಂಬಳದ ಕೆಸರಿಗೆ ಒಳ್ಳೆಯದು. ಬಿದ್ದಾಗ ಮಾತ್ರ ಅದರ ಚೂರೇ ಲೆನ್ಸನ್ನು ಗೀರಬಹುದು. ಎರಡನೆಯದಾಗಿ, ತೂಕದ ಲೆನ್ಸ್ ಇದ್ದಾಗ ಬಾಡಿ ಹಿಡಿದು ಎತ್ತಬೇಡಿ, ಲೆನ್ಸ್ ಹಿಡಿದು ಎತ್ತಿ. ಇಲ್ಲದಿದ್ದರೆ ಇಡೀ ಭಾರ ಮೌಂಟ್ ಮೇಲೆ ಬೀಳುತ್ತದೆ. ಸ್ಟ್ರಾಪ್ ಕೊರಳಿಗಾದರೂ ಹಾಕಿರಬೇಕು, ಕೈಗಾದರೂ ಸುತ್ತಿರಬೇಕು. ಮೇಜಿನಂಚಿಗೆ ನೇತಾಡುವ ಸ್ಟ್ರಾಪ್ ಯಾರದಾದರೂ ಕೈಗೆ ಸಿಕ್ಕಿ ಕ್ಯಾಮೆರಾ ನೆಲ ಸೇರುತ್ತದೆ. ಬ್ಯಾಗಿನ ಜಿಪ್ ಎಳೆದಿದೆಯೇ, ಟ್ರೈಪಾಡ್ ಪ್ಲೇಟಿನ ಸ್ಕ್ರೂ ಬಿಗಿಯಾಗಿದೆಯೇ ಎಂದು ಎತ್ತುವ ಮುಂಚೆ ಒಮ್ಮೆ ಮುಟ್ಟಿ ನೋಡಿ. ಇಷ್ಟಾದ ಮೇಲೆ ಉಳಿಯುವುದು ವಿಮೆ. ಬಿದ್ದು ಒಡೆದದ್ದಕ್ಕೆ ಕಂಪನಿಯ ವಾರಂಟಿ ಅನ್ವಯಿಸುವುದಿಲ್ಲ. ಆಕಸ್ಮಿಕ ಹಾನಿಗೂ ಪರಿಹಾರ ಕೊಡುವ ಪಾಲಿಸಿ ಕೇಳಿ ಪಡೆಯಿರಿ. ನಿಮ್ಮ ಕೈಯಿಂದ ಮೊದಲು ಎಷ್ಟು ಭರಿಸಬೇಕು, ಸಂಭಾವನೆಗೆ ಚಿತ್ರ ತೆಗೆದರೂ ಅದು ಅನ್ವಯಿಸುತ್ತದೆಯೇ ಎಂಬ ಎರಡು ಪ್ರಶ್ನೆಗೆ ಸಹಿ ಹಾಕುವ ಮೊದಲೇ ಉತ್ತರ ಪಡೆಯಿರಿ. ಬಿಲ್ಲಿನ, ಸೀರಿಯಲ್ ನಂಬರಿನ ಫೋಟೊ ಫೋನಿನಲ್ಲಿರಲಿ.

ಇಷ್ಟು ಮಾಡಿಯೂ ಬೀಳುವ ದಿನ ಬಂದೇ ಬರುತ್ತದೆ. ಬಿದ್ದ ಕೂಡಲೇ ಆನ್ ಮಾಡಿ ನೋಡುವ ಆತುರ ಬೇಡ. ಸ್ವಿಚ್ ಆಫ್ ಮಾಡಿ, ಬ್ಯಾಟರಿ ತೆಗೆಯಿರಿ. ಬ್ಯಾಟರಿಯೇ ಜಜ್ಜಿದ್ದರೆ, ಉಬ್ಬಿದ್ದರೆ ಅದನ್ನು ಮತ್ತೆ ಚಾರ್ಜ್ ಮಾಡಲೇಬೇಡಿ. ಲೆನ್ಸ್ ಬಿಚ್ಚಿ ಮೌಂಟಿನ ಉಂಗುರ ಸುತ್ತಲೂ ಒಂದೇ ಸಮ ಇದೆಯೇ, ಅದರ ಸ್ಕ್ರೂಗಳು ಸಡಿಲವಾಗಿವೆಯೇ ನೋಡಿ. ಲೆನ್ಸ್ ಮತ್ತೆ ಹಾಕುವಾಗ ಬಿಗಿಯಾದರೆ ಬಲ ಹಾಕಿ ತಿರುಗಿಸಬೇಡಿ. ಅಲುಗಾಡಿಸಿದಾಗ ಒಳಗೆ ಏನೋ ಕದಲಿದ ಸದ್ದು ಬಂದರೆ ಗಾಬರಿ ಬೇಡ: ಬಾಡಿಯೊಳಗೇ ಸ್ಟೆಬಿಲೈಸೇಶನ್ ಇರುವ ಎಷ್ಟೋ ಕ್ಯಾಮೆರಾಗಳಲ್ಲಿ ಆಫ್ ಆಗಿರುವಾಗ ಸೆನ್ಸರ್ ಹಾಗೆ ಕದಲುವುದು ಮಾಮೂಲು. ಮನೆಯಲ್ಲೇ ಬಿಚ್ಚಿ ನೋಡುವ ಸಾಹಸ ಮಾತ್ರ ಕೂಡದು. ಫ್ಲ್ಯಾಶ್ ಅಡಗಿರುವ ಕ್ಯಾಮೆರಾದ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ನಷ್ಟು ವಿದ್ಯುತ್ ಉಳಿದಿರಬಹುದು.

ಈಗ ನಿಜವಾದ ಪರೀಕ್ಷೆ. ಗೋಡೆಗೆ ದಿನಪತ್ರಿಕೆಯ ಐದು ಹಾಳೆ ಅಂಟಿಸಿ, ಮೂಲೆಗೊಂದರಂತೆ ನಾಲ್ಕು, ನಡುವೆ ಒಂದು. ವರ್ಗೀಕೃತ ಜಾಹೀರಾತಿನ ಪುಟಗಳಾದರೆ ಅಕ್ಷರ ಸಣ್ಣದಿದ್ದು ಅನುಕೂಲ. ಹಾಳೆಗಳಿಗೆ ದಪ್ಪ ಪೆನ್ನಿನಲ್ಲಿ ಸಂಖ್ಯೆ ಬರೆಯಿರಿ. ಕ್ಯಾಮೆರಾ ಟ್ರೈಪಾಡ್ ಮೇಲೆ ಗೋಡೆಗೆ ನೇರವಾಗಿ ನಿಂತಿರಲಿ, ಅಪರ್ಚರ್ ಪೂರ್ತಿ ತೆರೆದಿರಲಿ. ನಡುವಿನ ಹಾಳೆಗೆ ಫೋಕಸ್ ಮಾಡಿ, ಎರಡು ಸೆಕೆಂಡಿನ ಟೈಮರ್ ಇಟ್ಟು ಕ್ಲಿಕ್ಕಿಸಿ, ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ. ನಾಲ್ಕೂ ಮೂಲೆಯ ಅಕ್ಷರ ನಡುವಿನದಕ್ಕಿಂತ ತುಸು ಮೆತ್ತಗಿದ್ದರೆ ಅದು ಲೆನ್ಸಿನ ಹುಟ್ಟುಗುಣ. ಒಂದು ಮೂಲೆಯಲ್ಲಿ ಒತ್ತಕ್ಷರಗಳೆಲ್ಲ ಕಲಸಿಹೋಗಿ, ಅದರ ಎದುರು ಮೂಲೆಯಲ್ಲಿ ‘ಕ್ಷ’ದ ಸುರುಳಿಯೂ ಬಿಡಿಸಿ ಕಂಡರೆ ಅನುಮಾನಪಡಬೇಕು. ಆಗ ಅದೇ ಎತ್ತರಕ್ಕೆ ಮೇಜಿನ ಮೇಲೆ ಪುಸ್ತಕ ಪೇರಿಸಿ, ಕ್ಯಾಮೆರಾವನ್ನು ತಲೆಕೆಳಗಾಗಿಟ್ಟು ಇನ್ನೊಂದು ಚಿತ್ರ ತೆಗೆಯಿರಿ. ಮಸುಕು ಅದೇ ಸಂಖ್ಯೆಯ ಹಾಳೆಯಲ್ಲಿ ಉಳಿದರೆ ತಪ್ಪು ನೀವು ನಿಲ್ಲಿಸಿದ ರೀತಿಯದು. ಕರ್ಣರೇಖೆಯ ಎದುರಿನ ಹಾಳೆಗೆ ಹಾರಿದರೆ ತಪ್ಪು ಕ್ಯಾಮೆರಾದ್ದು. ಬೇರೆ ಲೆನ್ಸ್ ಹಾಕಿದರೂ ಚಿತ್ರದ ಅದೇ ಮೂಲೆ ಮಸುಕಾದರೆ ಪೆಟ್ಟು ಬಾಡಿಗೆ ಬಿದ್ದಿದೆ, ಸರಿಹೋದರೆ ಮೊದಲಿನ ಲೆನ್ಸಿಗೆ. ಇಷ್ಟು ತಿಳಿದುಕೊಂಡು ಸರ್ವಿಸ್ ಸೆಂಟರಿಗೆ ಹೋದವರು ಬೇಡದ ಭಾಗ ಬದಲಿಸಿ ದುಡ್ಡು ಕಳೆದುಕೊಳ್ಳುವುದಿಲ್ಲ. ಕ್ಯಾಮೆರಾ ಹೊಸದಿರುವಾಗಲೇ ಈ ಪರೀಕ್ಷೆ ಮಾಡಿ ಚಿತ್ರ ಉಳಿಸಿಕೊಂಡರೆ ಹೋಲಿಸಿ ನೋಡಲು ಆಧಾರ ಸಿಗುತ್ತದೆ. ಪರೀಕ್ಷೆಯಲ್ಲಿ ಪಾಸಾದ ಕ್ಯಾಮೆರಾದ ನೆಗ್ಗನ್ನು ಹಾಗೆಯೇ ಬಿಡಿ; ಅದನ್ನು ನೇರ ಮಾಡಿಸುವುದು ದಂಡದ ಖರ್ಚು.

ನೆಗ್ಗಿದ್ದನ್ನು ಮಾರಲು ಹೋದರೆ ಬೆಲೆ ಬರುವುದಿಲ್ಲವಲ್ಲ ಎಂದು ಕೇಳಬಹುದು. ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಆದರೆ ಡಿಜಿಟಲ್ ಬಾಡಿಯ ಬೆಲೆ ಹೊಸ ಮಾಡೆಲ್ ಬಂದ ದಿನವೇ ಇಳಿಯುತ್ತದೆ, ಬೀರುವಿನಲ್ಲಿ ಗೀರಿಲ್ಲದೆ ಕೂತದ್ದಕ್ಕೂ ವಿನಾಯಿತಿ ಇಲ್ಲ. (ಲೈಕಾ ಕಂಪನಿ 2015ರಲ್ಲಿ ಬಣ್ಣ ಸವೆದು ಹಿತ್ತಾಳೆ ಕಾಣುವಂತೆ ಕೈಯಿಂದಲೇ ಉಜ್ಜಿದ 125 ಕ್ಯಾಮೆರಾ ಸೆಟ್‌ಗಳನ್ನು ತಯಾರಿಸಿ ಮಾರಿತು, ಸಂಗ್ರಾಹಕರ ಮಾತು ಬೇರೆ, ಆದರೂ ಬಳಕೆಯ ಗುರುತಿಗೆ ಒಂದು ಗೌರವವಿದೆ.) ಸವೆತದ ಭಯವೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ನಿಕಾನ್ ಡಿ850ರ ಶಟರನ್ನು 2 ಲಕ್ಷ ಕ್ಲಿಕ್‌ಗಳಿಗೆ ಪರೀಕ್ಷಿಸಲಾಗಿದೆ. ವಾರಕ್ಕೆ 50 ಚಿತ್ರ ತೆಗೆಯುವವರಿಗೆ ವರ್ಷಕ್ಕೆ 2,600. ಆ ಗಡಿ ಮುಟ್ಟಲು 76 ವರ್ಷ ದಾಟುತ್ತದೆ. ಕಂತೇ ಇನ್ನೂ ತೀರಿಲ್ಲ ಎನ್ನುವವರ ಮಾತಿಗೆ ಹೆಚ್ಚು ತೂಕವಿದೆ. ಅಂಥವರಿಗೆ ವಿಮೆ ಆಯ್ಕೆಯಲ್ಲ, ಕಡ್ಡಾಯ ಎಂದೇ ತಿಳಿಯಬೇಕು. ಬಾಡಿಗೆಗೆ ತಂದ ಕ್ಯಾಮೆರಾಕ್ಕೆ ಈ ಧಾರಾಳ ಸಲ್ಲದು, ಅದು ಇನ್ನೊಬ್ಬರ ಹೊಟ್ಟೆಪಾಡು.

ಬೀರು ಸುರಕ್ಷಿತ ಎಂಬ ನಂಬಿಕೆಯನ್ನಂತೂ ಬಿಡಲೇಬೇಕು. ಗಾಳಿಯ ತೇವಾಂಶ ಶೇ 60–65 ದಾಟಿದರೆ ಲೆನ್ಸಿನೊಳಗೆ ಫಂಗಸ್ ಬೆಳೆಯಲು ಅನುಕೂಲ. ಆಗುಂಬೆ, ಮಡಿಕೇರಿ, ಉಡುಪಿಯ ಕಡೆ ಮಳೆಗಾಲದಲ್ಲಿ ತಿಂಗಳುಗಟ್ಟಲೆ ತೇವ ಇದಕ್ಕಿಂತ ಮೇಲೆಯೇ ಇರುತ್ತದೆ. ಕತ್ತಲೆ, ಗಾಳಿಯಾಡದ ಬೀರು, ಮೇಲೆ ಚರ್ಮದ ಚೀಲ. ಬೂಷ್ಟಿಗೆ ಇನ್ನೇನು ಬೇಕು? ಹೊರಗಿನ ನೆಗ್ಗು ಚಿತ್ರ ಕೆಡಿಸುವುದಿಲ್ಲ, ಈ ಬೂಷ್ಟು ಗಾಜಿನ ಲೇಪನವನ್ನೇ ತಿಂದು ಶಾಶ್ವತ ಕಲೆ ಉಳಿಸುತ್ತದೆ. ಬಳಸದ ದಿನಗಳಲ್ಲಿ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ತೇವಾಂಶ ಶೇ 40–50ರ ನಡುವೆ ಇರುವಂತೆ ಇಡಿ. ಇವತ್ತೇ ಲೆನ್ಸನ್ನು ಹೊರಗೆ ತೆಗೆದು, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ತಡಮಾಡದೆ ಶುಚಿಗೆ ಕೊಡಿ. ಕಾಣದಿದ್ದರೆ ಬ್ಯಾಟರಿ ಚಾರ್ಜಿಗೆ ಹಾಕಿ, ಈ ಭಾನುವಾರ ಹೊರಗೆ ಕರೆದೊಯ್ಯಿರಿ.