ಗಾಜಿನ ಬಿಸಿ ನಿನಗೆ ಗೊತ್ತಿರಲಿ

ಮಗಳೇ, ಸೋಲಾರ್ ಸೆಲ್ಲಿಗಾಗಿ ಬಿಸಿ ಗಾಜಿನ ಮೇಲೆ ಕಾಪರ್ ಇಂಡಿಯಂ ಸಲ್ಫೈಡ್ ಪದರ ಸಿಂಪಡಿಸಲು ಶುರುಮಾಡಿದ್ದೀಯ ಅಂತ ಕೇಳಿ ತುಂಬಾ ಖುಷಿಯಾಯಿತು. ಇದಕ್ಕೆ ದುಬಾರಿ ನಿರ್ವಾತ ಯಂತ್ರ ಬೇಡ. ಹಾಟ್ ಪ್ಲೇಟ್, ನಾಜಲ್, ಕಂಪ್ರೆಸರ್ ಇದ್ದರೆ ಒಂದೆರಡು ಮೈಕ್ರೋಮೀಟರ್ ದಪ್ಪದ ಪದರ ಕೂರಿಸಬಹುದು. ಬಿಸಿಲು ಹೀರಲು ಅದೇ ಸಾಕು. ಸಿಲಿಕಾನ್ ಬಿಲ್ಲೆಗಾದರೆ ನೂರಕ್ಕೂ ಹೆಚ್ಚು ಮೈಕ್ರೋಮೀಟರ್ ಬೇಕು.

ಉಪಕರಣ ಸರಳ ಅಂತ ಕೆಲಸವೂ ಸರಳ ಅಂದುಕೊಳ್ಳಬೇಡ. ಮೀಟರ್ 350 ಡಿಗ್ರಿ ತೋರಿಸಿದರೆ ಅದು ಪ್ಲೇಟಿನ ಬಿಸಿ, ಗಾಜಿನದಲ್ಲ. ತಣ್ಣನೆಯ ಹನಿ ಬಿದ್ದ ಕೂಡಲೇ ಗಾಜಿನ ಮೈ ತಣಿಯುತ್ತದೆ. ದೋಸೆ ಹೆಂಚಿಗೆ ನೀರು ಚಿಮುಕಿಸಿ ನೋಡುವುದಿಲ್ಲವೇ, ಹಾಗೆಯೇ ಇದೂ. ಬಿಸಿ ಸಾಲದಿದ್ದರೆ ಹನಿ ಒದ್ದೆಯಾಗಿಯೇ ಬಿದ್ದು, ಒಣಗಿದ ಮೇಲೆ ಉಪ್ಪಿನ ಕಲೆ ಉಳಿಯುತ್ತದೆ. ಅತಿಯಾದರೆ ಹನಿ ಗಾಳಿಯಲ್ಲೇ ಆವಿಯಾಗಿ ಬರೀ ಪುಡಿ ಉದುರುತ್ತದೆ. ಬೆರಳು ತಾಗಿಸಿದರೆ ಅಂಟಿಬರುತ್ತದೆ. ನಮಗೆ ಬೇಕಾದದ್ದು ಇವೆರಡರ ನಡುವಿನ ಹದ. ಹಾಗಾಗಿ ಒಂದು ಥರ್ಮೋಕಪಲನ್ನು ಗಾಜಿನ ಮೇಲೆಯೇ ಒತ್ತಿ ಇಡು. ಕೆಲವು ಸೆಕೆಂಡು ಸಿಂಪಡಿಸು, ನಿಲ್ಲಿಸು, ಬಿಸಿ ಮರಳಿ ಏರಲಿ, ಮತ್ತೆ ಸಿಂಪಡಿಸು.

ನಾನು ಸಂಶೋಧನೆ ಮಾಡುವಾಗ ಇಡೀ ಒಂದು ವರ್ಷ ಸೆಲ್ಲುಗಳೆಲ್ಲ ಶಾರ್ಟ್ ಆಗುತ್ತಿದ್ದವು. ದ್ರಾವಣ ಬದಲಿಸಿದೆ, ಮೇಲಿನ ಲೋಹದ ಪದರ ಬದಲಿಸಿದೆ. ಕೊನೆಗೊಂದು ದಿನ ಪದರವನ್ನು ಟ್ಯೂಬ್‌ಲೈಟಿಗೆ ಹಿಡಿದೆ. ಕಪ್ಪಿನಲ್ಲಿ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು! ಮೇಲಿನ ಲೋಹ ಆ ತೂತುಗಳಲ್ಲಿ ಇಳಿದು ಕೆಳಗಿನ ವಾಹಕ ಪದರವನ್ನು ಮುಟ್ಟುತ್ತಿತ್ತು. ತೊಳೆದ ಗಾಜನ್ನು ತೆರೆದಿಟ್ಟು ಊಟಕ್ಕೆ ಹೋಗುತ್ತಿದ್ದೆ, ಅಷ್ಟೇ. ದೂಳು ಕೂತಲ್ಲೆಲ್ಲ ತೂತು. ನೀನು ತೊಳೆದ ಕೂಡಲೇ ಒಣಗಿಸಿ ಪ್ಲೇಟಿಗೆ ಏರಿಸಿಬಿಡು.

ದ್ರಾವಣಕ್ಕೆ ಗಂಧಕ ಕೊಡುವ ಥಯೋಯೂರಿಯಾ ಅಳೆಯುವಾಗ ಕೈ ಬಿಗಿಹಿಡಿಯಬೇಡ. ಸೂತ್ರದಲ್ಲಿ ಒಂದು ಪಾಲು ತಾಮ್ರಕ್ಕೆ ಎರಡು ಪಾಲು ಗಂಧಕ ಇದ್ದರೂ ನಾವು ನಾಲ್ಕೈದು ಪಾಲು ಹಾಕುತ್ತಿದ್ದೆವು, ಬಿಸಿಗೆ ಗಂಧಕ ಹಾರಿಹೋಗುತ್ತದೆ.

ಫ್ಯೂಮ್ ಹುಡ್ ಓಡದ ದಿನ ಕೆಲಸ ಮುಟ್ಟಲೇಬೇಡ. ಕ್ಲೋರೈಡ್ ದ್ರಾವಣದಿಂದ ಏಳುವ ಆಮ್ಲದ ಹೊಗೆ ಎದೆಗೆ ಒಳ್ಳೆಯದಲ್ಲ. ಗೈಡ್ ಅವಸರ ಮಾಡಿದರೂ ಸರಿ, ಬೇಡ ಅಂದರೆ ಬೇಡ.

ಸಿಂಪಡಿಸಿ ಮುಗಿದ ತಕ್ಷಣ ಗಾಜು ಎತ್ತಬೇಡ, ಬಿರುಕು ಬಿಡುತ್ತದೆ. ಪ್ಲೇಟಿನ ಮೇಲೇ ತಾನಾಗಿ ಆರಲಿ. ಭಾನುವಾರ ಮನೆಗೆ ಬರುವಾಗ ನಿನ್ನ ಮೊದಲ ನಾಲ್ಕು ಪದರಗಳನ್ನು ತಾ, ಕೆಟ್ಟದ್ದನ್ನೂ ಸೇರಿಸಿ. ಕಿಟಕಿಯ ಬೆಳಕಿಗೆ ಹಿಡಿದು ಇಬ್ಬರೂ ನೋಡೋಣ.